ಕಾಗದದಲ್ಲಿ ಕಟ್ಟಿದ ಬೆಲ್ಲ

ಚಲುವರಾಜು ಏನು ಸಾಧಿಸಿದ ಎಂದು ನೀವು ಕೇಳಬಹುದು. ಏನೂ ಇಲ್ಲ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಹುಟ್ಟಿದ, ಇಪ್ಪತ್ತೊಂದು ವರ್ಷ ಬದುಕಿದ, ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕೂರದೆಯೇ ಹೋದ. ಕಾಲೇಜಿನ ಯಾವ ಫಲಕದಲ್ಲೂ ಅವನ ಹೆಸರಿಲ್ಲ. ಊರಿನಲ್ಲೂ ಈಗ ನೆನಪಿಟ್ಟುಕೊಂಡವರು ಕಡಿಮೆ. ಅವನ ಬಗ್ಗೆ ಬರೆಯುವ ಯೋಗ್ಯತೆ ಇದ್ದವರು ಯಾರೂ ಉಳಿದಿಲ್ಲವಾದ್ದರಿಂದ, ಅವನ ಪಾಲಿನ ಹಿಟ್ಟು ಉಂಡು ಪಾಸಾದ ನಾನು, ಮದ್ದೂರಿನ ನಜೀರ್ ಅಹ್ಮದ್, ಬರೆಯುತ್ತಿದ್ದೇನೆ.

ಅವನ ಅಪ್ಪ ಹೊನ್ನಯ್ಯ ಗದ್ದೆ ಹೊಲ ಇದ್ದ ಗೌಡ. ಮಗ ಮಳವಳ್ಳಿ ಹೈಸ್ಕೂಲಿಗೇ ಮೊದಲನೆಯವನಾಗಿ ಪಾಸಾದಾಗ ಊರಿನವರೆಲ್ಲ ಸೇರಿ ಅವನನ್ನು ಆಗಲೇ ತಾಲ್ಲೂಕಿಗೆ ಅಮಲ್ದಾರ ಮಾಡಿಬಿಟ್ಟಿದ್ದರು. ದಾರಿಯಲ್ಲಿ ಸಿಕ್ಕವರು ತಮಾಷೆಗೆ 'ಏನ್ ಅಮಲ್ದಾರ್ರೇ' ಎನ್ನುತ್ತಿದ್ದರಂತೆ. ಚಲುವ ನಗುತ್ತಿದ್ದನಂತೆ. ಒಬ್ಬ ಹುಡುಗನ ಬೆನ್ನಿನ ಮೇಲೆ ಇಡೀ ಊರು ಹತ್ತಿ ಕುಳಿತು, ನಡಿ ನಡಿ ಎಂದರೆ ಅವನು ನಗದೆ ಇನ್ನೇನು ಮಾಡಿಯಾನು?

ಸಾವಿರದ ಒಂಬೈನೂರ ನಲವತ್ತಮೂರರ ಜೂನ್‌ನಲ್ಲಿ ಅವನೂ ನಾನೂ ಮೈಸೂರಿನಲ್ಲಿ ಕಾಲೇಜು ಸೇರಿದೆವು. ಯುದ್ಧದ ಕಾಲ. ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ, ಮೈಸೂರಿನಲ್ಲಿ ಬಾಡಿಗೆ ಕೇಳುವ ಹಾಗಿರಲಿಲ್ಲ. ನನ್ನ ಚಿಕ್ಕಪ್ಪ ಮಜೀದ್, ಪೂರಿಗಾಲಿಯಿಂದ ಮಳವಳ್ಳಿ ಮೇಲೆ ಮಂಡ್ಯಕ್ಕೆ ಬರುವ ಬಸ್ಸಿನ ಡ್ರೈವರ್, ಇಬ್ಬರಿಗೂ ಸೇರಿ ಒಂದು ದಾರಿ ಹುಡುಕಿದ. ಮಂಡ್ಯ ಸ್ಟೇಷನ್ ಹತ್ತಿರ ರಹಮತ್ ಬೀ ಎಂಬ ವಿಧವೆಯ ಮನೆಯ ಹಿತ್ತಲಲ್ಲಿ ಒಂದು ಕೋಣೆ. ಅಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ರೈಲಿನಲ್ಲಿ ಮೈಸೂರಿಗೆ ಹೋಗಿ ಸಂಜೆಗೆ ಬರುವುದು. ಹೊನ್ನಯ್ಯ ಒಪ್ಪಿದರು. ಆದರೆ ಮಗ ಸಾಬರ ಮನೆಯಲ್ಲಿ ಮಲಗಬಹುದು, ಉಣ್ಣುವುದು ಹೇಗೆ? ಅದಕ್ಕೆ ಅವನ ತಾಯಿ ದೇವಿರಮ್ಮ ತಾನೇ ಉತ್ತರ ಕೊಟ್ಟಳು. ಊಟ ಮನೆಯಿಂದಲೇ ಹೋಗುತ್ತದೆ.

ಹಾಗೆ ಶುರುವಾಯಿತು ಆ ಹಿತ್ತಾಳೆ ಕ್ಯಾರಿಯರ್‌ಗಳ ಓಡಾಟ. ಎರಡಿದ್ದವು. ಒಂದು ಬರುತ್ತಿತ್ತು, ಇನ್ನೊಂದು ಹೋಗುತ್ತಿತ್ತು. ದೇವಿರಮ್ಮ ಕೋಳಿ ಕೂಗುವ ಮೊದಲೇ ಎದ್ದು ರಾಗಿ ಹಿಟ್ಟು ತೊಳಸಿ, ಮುದ್ದೆ ಕಟ್ಟಿ, ಸಾರು ಮಾಡಿ, ಬಸ್ಸಿಗೆ ತಂದುಕೊಡುತ್ತಿದ್ದಳು. ಪೆಟ್ರೋಲ್ ಇಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ಏರು ಬಂದರೆ ಜನ ಇಳಿದು ತಳ್ಳಬೇಕು. ಹತ್ತು ಗಂಟೆಗೋ ಹನ್ನೊಂದಕ್ಕೋ ಮಂಡ್ಯ ಮುಟ್ಟಿದಾಗ ಚಿಕ್ಕಪ್ಪ ಕ್ಯಾರಿಯರ್‌ ಅನ್ನು ನಮ್ಮ ಕೋಣೆಯಲ್ಲಿಟ್ಟು, ಹಿಂದಿನ ದಿನದ ಖಾಲಿ ಕ್ಯಾರಿಯರ್ ಒಯ್ಯುತ್ತಿದ್ದ. ಸಂಜೆ ನಾವು ಬರುವ ಹೊತ್ತಿಗೆ ಮುದ್ದೆ ಕಲ್ಲಾಗಿರುತ್ತಿತ್ತು. ಚಲುವ ಅದನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಉಣ್ಣುತ್ತಿದ್ದ. ನಾನು ಬನ್ನು ಟೀ ಮುಗಿಸಿಕೊಂಡು ಬಂದು ಗೋಡೆಯ ಕಡೆ ನೋಡುತ್ತಾ ಕುಳಿತಿರುತ್ತಿದ್ದೆ. ನಮ್ಮಪ್ಪ ಬೀಗ, ಸೈಕಲ್ಲು ರಿಪೇರಿ ಮಾಡುವವನು, ಮನೆಯಲ್ಲಿ ಆರು ಮಕ್ಕಳು. ಎರಡು ಹೊತ್ತು ಉಣ್ಣುವ ಅನುಕೂಲ ನನಗಿರಲಿಲ್ಲ.

ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಬರಿದೇ ಕಳಿಸಬಾರದು ಎನ್ನುವುದು ನಮ್ಮ ಸೀಮೆಯ ಎಲ್ಲ ಜಾತಿಯವರೂ ಒಪ್ಪಿದ ಮಾತು. ಒಂದು ಚಿಟಿಕೆ ಸಕ್ಕರೆಯೋ ನಾಲ್ಕು ಕಾಳೋ ಹಾಕಿಯೇ ಹಿಂದಿರುಗಿಸಬೇಕು. ಸ್ವಂತ ತಾಯಿಯ ಪಾತ್ರೆಗೆ ಇದು ಬೇಕಿಲ್ಲ. ಆದರೂ ಚಲುವ ಮಾಡುತ್ತಿದ್ದ. ಕ್ಯಾರಿಯರ್ ತೊಳೆದು, ಒರೆಸಿ, ಹಿತ್ತಲ ಹೊಂಗೆಮರದಿಂದ ಒಂದು ಎಲೆ ಕಿತ್ತು, ಒಂದು ಚೂರು ಬೆಲ್ಲವನ್ನು ಅದರಲ್ಲಿ ಮಡಿಸಿ ನಾರು ಕಟ್ಟಿ ಡಬ್ಬಿಯೊಳಗೆ ಇಡುತ್ತಿದ್ದ. ದೇವಿರಮ್ಮನಿಗೆ ಓದು ಬರುವುದಿಲ್ಲ. ಅವನು ಕಾಗದ ಬರೆದರೆ ಬೇರೆ ಯಾರಾದರೂ ಓದಿ ಹೇಳಬೇಕು. ಈ ಬೆಲ್ಲವನ್ನು ಮಾತ್ರ ಅವಳೇ ಓದಿಕೊಳ್ಳುತ್ತಿದ್ದಳು. ಮಗ ಉಂಡಿದ್ದಾನೆ, ಚೆನ್ನಾಗಿದ್ದಾನೆ ಎಂದು ಅದರ ಅರ್ಥ.

"ಆ ಯಮ್ಮ ಅದ್ನ ತಿನ್ನಾಕಿಲ್ಲ ಕಣ್ಲಾ," ಎಂದು ಚಿಕ್ಕಪ್ಪ ಒಮ್ಮೆ ಹೇಳಿದ್ದ. "ಒಂದ್ ಮಡಕೇಲಿ ಎಲೆ ಸಮೇತ ಮಡಗ್ತಾಳೆ. ಮಗ ಅಮಲ್ದಾರ ಆದ ದಿನ ಪಾನಕ ಮಾಡಿ ಊರ್ಗೆಲ್ಲ ಹಂಚ್ತಾಳಂತೆ."

ಮೊದಲ ವರ್ಷ ಹೇಗೋ ಕಳೆಯಿತು. ಹೇಗೋ ಎಂದರೆ, ಅವನು ನಿಧಾನವಾಗಿ ಮುಳುಗುತ್ತಿದ್ದ, ನನಗೆ ಕಾಣಲಿಲ್ಲ. ಮಳವಳ್ಳಿಯಲ್ಲಿ ಮೇಷ್ಟ್ರು ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಇಲ್ಲಿ ನೂರಿಪ್ಪತ್ತು ಹುಡುಗರ ಮುಂದೆ ಒಬ್ಬರು ಬಂದು, ತಲೆಯೆತ್ತದೆ ಒಂದು ಗಂಟೆ ಓದಿ ಹೋಗುತ್ತಿದ್ದರು. ನನಗೂ ಅರ್ಥವಾಗುತ್ತಿರಲಿಲ್ಲ, ಆದರೆ ನಾನು ಭಂಡ. ಪಕ್ಕದವನ ನೋಟ್ಸು ಕಸಿದು ಉರು ಹೊಡೆಯುತ್ತಿದ್ದೆ. ಚಲುವ ಮೊದಲನೆಯವನಾಗಿದ್ದವನು. ಮೊದಲನೆಯವನಿಗೆ 'ತಿಳಿಯಲಿಲ್ಲ' ಎನ್ನುವ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಎರಡನೇ ವರ್ಷದ ದಸರೆ ರಜ ಮುಗಿಸಿ ಬಂದಮೇಲೆ ಅವನ ದಿನಚರಿಯೇ ತಿರುಗುಮುರುಗಾಯಿತು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಏಳಲಾಗುತ್ತಿರಲಿಲ್ಲ. ಆಗ ಟೀ ಕಂಪನಿಯವರು ಸ್ಟೇಷನ್ ಮುಂದೆ ಬಿಟ್ಟಿ ಟೀ ಕುಡಿಸಿ ಚಟ ಹತ್ತಿಸುತ್ತಿದ್ದ ಕಾಲ. ಚಲುವ ದಿನಕ್ಕೆ ಎಂಟು ಹತ್ತು ಲೋಟ ಕುಡಿಯತೊಡಗಿದ. ಬೀಡಿ ಬಂತು. ಸ್ನಾನ ಹೋಯಿತು. ಒಂದೇ ಪುಟವನ್ನು ಮೂರು ದಿನ ತೆರೆದಿಟ್ಟುಕೊಂಡು ಕುಳಿತಿರುತ್ತಿದ್ದ. ಮಾತನಾಡಿಸಿದರೆ 'ಆಂ?' ಎಂದು ಬಹಳ ದೂರದಿಂದ ತಿರುಗಿ ನೋಡುತ್ತಿದ್ದ. ಈಗಿನವರು ಇದಕ್ಕೆ ಒಂದು ಹೆಸರು ಹೇಳುತ್ತಾರೆ, ಡಾಕ್ಟರಿದ್ದಾರೆ, ಮಾತ್ರೆಯಿದೆ. ನಮಗೆ ಗೊತ್ತಿದ್ದದ್ದು ಹುಚ್ಚು, ಗಾಳಿ, ಇಲ್ಲವೆ ಸೋಮಾರಿತನ. ನಾನು ಸೋಮಾರಿತನ ಎಂದುಕೊಂಡೆ, ಏಕೆಂದರೆ ಹಾಗೆಂದುಕೊಂಡರೆ ನಾನು ಏನೂ ಮಾಡಬೇಕಾಗಿರಲಿಲ್ಲ.

ಒಂದು ಸಂಜೆ ಕ್ಯಾರಿಯರ್ ತೆರೆದು ಹಾಗೇ ಮುಚ್ಚಿದ.

"ನೀನ್ ತಿನ್ಲಾ ನಜೀರ. ನಂಗೆ ಒಳಕ್ಕೋಗಲ್ಲ."

"ಯಾಕ್ಲಾ? ಮೈಗೆ ಉಸಾರಿಲ್ವಾ?"

"ಸೇರಾಕಿಲ್ಲ ಅಷ್ಟೇಯ. ಅಂಗೇ ಕಳಿಸ್ಬುಟ್ರೆ ಅವ್ವ ಎದರ್ಕತಾಳೆ ಕಣ್ಲಾ. ನೀನ್ ತಿಂದ್ಬುಡು."

ಹುರುಳಿಕಾಳಿನ ಬಸ್ಸಾರು. ನಾನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಬಾಯಿಗೆ ಒಂದು ತುತ್ತಾದರೂ ಹಾಕಿಕೋ ಎಂದು ಅವನಿಗೆ ಹೇಳಿದೆನೇ ಎಂದು ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಹೇಳಲಿಲ್ಲ. ಮಾರನೆಯ ದಿನವೂ ಅವನು ಉಣ್ಣಲಿಲ್ಲ. ಮೂರನೆಯ ದಿನ ನಾನು ಸ್ಟೇಷನ್ನಿನಲ್ಲಿ ಬನ್ನು ಕೊಳ್ಳುವುದನ್ನೇ ಬಿಟ್ಟೆ. ಅವನು ಎಲ್ಲೋ ಒಂದು ದಿನ ನಾಲ್ಕು ತುತ್ತು ತಿಂದರೆ, ಇವತ್ತೇಕೆ ತಿಂದನಪ್ಪ ಎಂದು ನನ್ನ ಹೊಟ್ಟೆ ಲೆಕ್ಕ ಹಾಕುತ್ತಿತ್ತು. ಇಂಥ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ. ಆಗಲಿ.

ಕ್ಯಾರಿಯರ್ ತೊಳೆಯುವುದೂ ನನ್ನ ಪಾಲಿಗೆ ಬಂತು. ಬೆಲ್ಲದ ವಿಚಾರ ಇಬ್ಬರಿಗೂ ಮರೆತುಹೋಯಿತು. ನಾಲ್ಕು ದಿನ ಡಬ್ಬಿ ಬರಿದೇ ಹೋಯಿತು. ಐದನೆಯ ದಿನ ಭಾನುವಾರ, ನಾವಿಬ್ಬರೂ ಕೋಣೆಯಲ್ಲೇ ಇದ್ದೆವು. ಚಿಕ್ಕಪ್ಪ ಕ್ಯಾರಿಯರ್ ಹಿಡಿದು ಒಳಗೆ ಬಂದ. ಚಲುವ ಮುಸುಕು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಚಿಕ್ಕಪ್ಪ ನನ್ನನ್ನು ಬಾಗಿಲಿಗೆ ಕರೆದ.

"ಏನ್ಲಾ ಇದು? ಇವ್ನ ಅವ್ವ ಬಸ್ಸಿಗೇ ಅಡ್ಡ ನಿಂತ್ಬುಟ್ಳು. ಬೆಲ್ಲ ಬತ್ತಾ ಇಲ್ಲ, ನನ್ ಮಗಂಗೆ ಏನೋ ಆಗದೆ, ನಾಳೆ ನಾನೂ ಇದೇ ಬಸ್ಸಲ್ಲಿ ಬತ್ತೀನಿ ಅಂತಾವ್ಳೆ. ಉಡ್ಗ ಚೆಂದಾಗವ್ನಾ?"

"ಚೆನ್ನಾಗವ್ನೆ ಚಿಕ್ಕಪ್ಪಾ. ರಾತ್ರಿಯೆಲ್ಲಾ ಓದವ್ನೆ, ಅದ್ಕೇ ಮಲಗವ್ನೆ. ಬೆಲ್ಲ ಮುಗ್ದೋಗಿತ್ತು ಅಷ್ಟೇ. ಇವತ್ ಕಳಿಸ್ತೀನಿ, ನೀನ್ ಓಗು."

ಚಿಕ್ಕಪ್ಪ ಹೋದಮೇಲೆ ಮುಸುಕಿನೊಳಗಿಂದ ಚಲುವನ ದನಿ ಬಂತು. "ಅವ್ವ ಬತ್ತಾಳಂತಾ? ಯಾವಾಗ್ ಬತ್ತಾಳೆ?"

ಅವನು ಹೆದರಿ ಕೇಳಿದ ಎಂದೇ ನಾನು ತಿಳಿದೆ. "ಬರಾಕಿಲ್ಲ, ನೀನ್ ಮಲಿಕೋ, ನಾನ್ ನೋಡ್ಕತೀನಿ" ಎಂದೆ. ಅಂಗಡಿಯಿಂದ ಬೆಲ್ಲ ತಂದೆ. ಎಲೆ ಕೀಳಲು ಹಿತ್ತಲಿಗೆ ಹೋಗುವ ವ್ಯವಧಾನ ನನಗಿರಲಿಲ್ಲ. ನನ್ನ ಲಾಜಿಕ್ ನೋಟ್ಸಿನ ಒಂದು ಹಾಳೆ ಹರಿದು, ಬೆಲ್ಲ ಸುತ್ತಿ ಡಬ್ಬಿಯಲ್ಲಿಟ್ಟು, ಚಿಕ್ಕಪ್ಪನ ಬಸ್ಸಿಗೆ ಕೊಟ್ಟೆ. ಸಂಜೆಯ ಹೊತ್ತಿಗೆ ಅದು ಪೂರಿಗಾಲಿ ತಲುಪಿತು. ಸೋಮವಾರ ದೇವಿರಮ್ಮ ಬಸ್ಸು ಹತ್ತಲಿಲ್ಲ. ಅವಳು ಬಂದಿದ್ದರೆ, ಮಗನ ಮುಸುಕು ತೆಗೆದಿದ್ದರೆ, ಮುಂದಿನದೊಂದೂ ಆಗುತ್ತಿರಲಿಲ್ಲ. ಅವನು 'ಯಾವಾಗ್ ಬತ್ತಾಳೆ' ಎಂದು ಕೇಳಿದ್ದು ಹೆದರಿಕೆಯಿಂದಲೋ ಆಸೆಯಿಂದಲೋ ಎಂದು ನನಗೆ ಈಗಲೂ ಗೊತ್ತಿಲ್ಲ. ಆಸೆಯೇ ಇರಬೇಕು ಎಂದು ವಯಸ್ಸಾದಂತೆಲ್ಲ ಅನ್ನಿಸುತ್ತಿದೆ.

ಅಲ್ಲಿಂದಾಚೆಗೆ ದಿನಾ ನಾನೇ ಬೆಲ್ಲ ಕಳಿಸಿದೆ, ದಿನಾ ಕಾಗದದಲ್ಲಿ. ಚಿಕ್ಕಪ್ಪ ಒಂದು ದಿನ ನಗುತ್ತಾ ಹೇಳಿದ. "ಅವ್ನ ಅವ್ವನ್ನ ಇಡ್ಯಕ್ಕಾಗ್ನಿಲ್ಲ ಕಣ್ಲಾ. ನನ್ ಮಗ ಈಗ ಎಲೆ ಬುಟ್ಟು ಕಾಗ್ದದಲ್ಲಿ ಕಟ್ತಾನೆ, ಓದು ಜೋರಾಗಿ ನಡೀತದೆ, ಅಂತ ಊರ್ಗೆಲ್ಲ ತೋರಿಸ್ಕಂಡ್ ಬಂದ್ಳು." ಆ ಖುಷಿಯಲ್ಲಿ ಅವಳು ಎರಡರ ಜಾಗದಲ್ಲಿ ಮೂರು ಮುದ್ದೆ ಹಾಕತೊಡಗಿದಳು. ನನ್ನ ಕೆನ್ನೆ ತುಂಬಿಕೊಂಡಿತು. ಓದಿನ ನೆವ ಹೇಳಿ ಚಲುವ ಹಬ್ಬಕ್ಕೂ ಊರಿಗೆ ಹೋಗಲಿಲ್ಲ.

ಜನವರಿಯಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಚಲುವ ನನ್ನ ಜೊತೆಯಲ್ಲೇ ರೈಲು ಹತ್ತುತ್ತಿದ್ದ, ಆದರೆ ಬೇರೆ ಬೋಗಿಯಲ್ಲಿ. ಮುಂದಿನ ಸ್ಟೇಷನ್ ಯಲಿಯೂರಿನಲ್ಲಿ ಇಳಿದುಬಿಡುತ್ತಿದ್ದ. ಸಂಜೆಯ ರೈಲು ಬರುವತನಕ ಪ್ಲಾಟ್‌ಫಾರಂ ಆಚೆಯ ಕಲ್ಲುಬೆಂಚಿನ ಮೇಲೆ ಕುಳಿತಿದ್ದು, ಮತ್ತೆ ಹತ್ತಿ ಬರುತ್ತಿದ್ದ. ಒಂದು ದಿನ ಕಿಟಕಿಯಿಂದ ಕಂಡ. ಮಡಿಲಲ್ಲಿ ಪುಸ್ತಕವಿತ್ತು, ಕಣ್ಣು ಹಳಿಯ ಮೇಲಿತ್ತು. ಮೂರು ತಿಂಗಳಿಂದ ಅವನು ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಆವತ್ತು ರಾತ್ರಿ ನಾನು ಅವನಿಗೆ ಬೈದೆ. ಅಪ್ಪ ಅವ್ವನಿಗೆ ದ್ರೋಹ ಮಾಡ್ತೀಯಲ್ಲೋ ಎಂದೆ. ಬೈಯುವಾಗ ನನ್ನ ಹೊಟ್ಟೆಯಲ್ಲಿ ಅವನ ಅವ್ವನ ಹಿಟ್ಟು ಇತ್ತು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ, ನಾನು ಉಂಡ ಮನೆಯ ಮಗನಿಗೇ ಬುದ್ಧಿ ಹೇಳುತ್ತಿದ್ದೆ.

ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. ಕೊನೆಗೆ, "ಅಲ್ಲಿ ಕುಂತ್ರೆ ಯಾರೂ ಏನೂ ಕೇಳಾಕಿಲ್ಲ ಕಣ್ಲಾ" ಎಂದ.

ಫೆಬ್ರವರಿ ಕೊನೆಯಲ್ಲಿ ಹಾಲ್‌ಟಿಕೆಟ್ ಪಟ್ಟಿ ಹಾಕಿದರು. ಹಾಜರಿ ಸಾಲದವರ ಹೆಸರು ಅದರಲ್ಲಿರಲಿಲ್ಲ. ನಾನು ಬಂದು ಹೇಳಿದಾಗ ಚಲುವ 'ಸರಿ' ಎಂದು ಮಲಗಿದ. ಮಾರನೆಯ ದಿನ ಏಳಲಿಲ್ಲ, ಅದರ ಮಾರನೆಯ ದಿನವೂ ಏಳಲಿಲ್ಲ. ಮೂರನೆಯ ದಿನ ನಾನು ರೈಲಿಗೆ ಹೋಗಿದ್ದಾಗ ಚಿಕ್ಕಪ್ಪ ಕ್ಯಾರಿಯರ್ ತಂದವನು ಅವನ ಮುಸುಕು ಎಳೆದಿದ್ದಾನೆ. ಒಳಗೆ ಒಂದು ಕಟ್ಟು ಕಡ್ಡಿ ಇದ್ದ ಹಾಗಿತ್ತಂತೆ. ಎತ್ತಿಕೊಂಡು ಹೋಗಿ ಬಸ್ಸಿನಲ್ಲಿ ಮಲಗಿಸಿ ಪೂರಿಗಾಲಿಗೆ ಒಯ್ದ. ಬಸ್ಸಿನಿಂದ ಮಗನನ್ನು ಇಳಿಸಿದಾಗ ದೇವಿರಮ್ಮ ಅಳಲಿಲ್ಲವಂತೆ. ಅವನ ತೋಳು ಹಿಡಿದು ನೋಡಿ, ಒಂದೇ ಮಾತು ಕೇಳಿದಳಂತೆ.

"ನಾನ್ ಕಳಿಸಿದ್ ಇಟ್ಟೆಲ್ಲ ಎಲ್ಲೋಯ್ತು?"

ಊರಿನವರೂ ಅದನ್ನೇ ಕೇಳಿದರು. ಚಲುವ ಬಾಯಿ ಬಿಡಲಿಲ್ಲ. ಗಾಳಿ ಬಿಡಿಸುವ ಮುದ್ದಯ್ಯನನ್ನು ಕರೆಸಿದರು. ಅವನು ಮೂರ್ಖನಲ್ಲ, ಕಂಡದ್ದರ ಮೇಲೆ ಲೆಕ್ಕ ಕಟ್ಟಿದ. ಕ್ಯಾರಿಯರ್ ದಿನಾ ಬರಿದಾಗಿ ಬಂದಿದೆ, ಹುಡುಗ ಕಡ್ಡಿಯಾಗಿದ್ದಾನೆ. ಹಾಗಾದರೆ ಉಂಡದ್ದು ಹುಡುಗನಲ್ಲ, ಅವನ ಒಳಗೆ ಸೇರಿಕೊಂಡಿರುವುದು. ನಾನು ಓದಿದ ಲಾಜಿಕ್ಕಿಗಿಂತ ಅವನ ಲಾಜಿಕ್ಕು ಏನೂ ಕಡಿಮೆಯಿರಲಿಲ್ಲ. "ಅನ್ನ ಆಕಿದಷ್ಟೂ ಅದೇ ಬೆಳೀತದೆ, ಅದ್ನ ಅಸಿವಲ್ಲೇ ಓಡಿಸ್ಬೇಕು" ಎಂದ. ಒಂಬತ್ತು ಸೋಮವಾರ ತುಂಬುವವರೆಗೆ ಹಿಟ್ಟಿಲ್ಲ, ಅನ್ನವಿಲ್ಲ, ಹಾಲಿಲ್ಲ. ದಿನಕ್ಕೆ ಒಂದು ಬಟ್ಟಲು ಉಪ್ಪಿಲ್ಲದ ಅಂಬಲಿ, ಒಂದು ಬಟ್ಟಲು ಬೇವಿನ ನೀರು. ಎರಡು ವರ್ಷ ತಪ್ಪದೆ ಊಟ ಕಳಿಸಿದ ತಾಯಿಯ ಕೈಯಲ್ಲೇ ಮಗನ ಮುಂದಿನ ತಟ್ಟೆ ತೆಗೆಸಿದರು.

ಇದೆಲ್ಲ ಚಿಕ್ಕಪ್ಪನಿಂದ ನನಗೆ ಗೊತ್ತಾಯಿತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮುಗಿದಮೇಲೂ ಒಂದು ವಾರ ಏನೇನೋ ನೆವ ಹೇಳಿಕೊಂಡೆ. ಕೊನೆಗೆ ಏಪ್ರಿಲ್‌ನಲ್ಲಿ, ನಿಜ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಪೂರಿಗಾಲಿಗೆ ಹೋದೆ. ಏನಿದ್ದರೂ ಒಂದೇ ಮಾತು: ಉಂಡದ್ದು ದೆವ್ವವಲ್ಲ, ನಾನು.

ದೇವಿರಮ್ಮ ನನ್ನನ್ನು ಮೊದಲ ಸಲ ನೋಡಿದ್ದು ಆಗಲೇ. ಸಣ್ಣಗೆ, ಕಪ್ಪಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ನನ್ನ ಮುಖವನ್ನೇ ನೋಡುತ್ತಾ ನಿಂತಳು.

"ನೀನಾರೂ ಮೈಕೈ ತುಂಬ್ಕಂಡ್ ಚೆಂದಾಗಿದ್ದೀಯಲ್ಲಪ್ಪಾ. ಬಾ ಕೂತ್ಕೋ, ಉಂಡೇ ಓಗ್ಬೇಕು."

ಜಗಲಿಯ ಮೇಲೆ ಮುತ್ತುಗದ ಎಲೆ ಹಾಕಿ ಬಡಿಸಿದಳು. ನಾನು ಸಾಬರವನಾದ್ದರಿಂದ ಒಳಗೆ ಕರೆಯಲಿಲ್ಲ, ಅದು ಆಗಿನ ರೀತಿ. ಬಿಸಿ ಮುದ್ದೆ, ಸೊಪ್ಪಿನ ಉಪ್ಪುಸಾರು. ಐದು ತಿಂಗಳು ಕಲ್ಲಾದ ಮುದ್ದೆ ತಿಂದಿದ್ದೆ. ಅವಳ ಕೈಯ ಬಿಸಿ ಹಿಟ್ಟು ತಿಂದದ್ದು ಅದೇ ಮೊದಲು. ಜಗಲಿಗೆ ಸೇರಿದ ಕೋಣೆಯಲ್ಲಿ ಚಲುವ ಇದ್ದ. ಅವಳು ನೀರು ತರಲು ಒಳಗೆ ಹೋದಾಗ ಬಾಗಿಲಿನಿಂದ ಇಣುಕಿದೆ. ಚಾಪೆಯ ಮೇಲೆ ಕಣ್ಣೆರಡೇ ಕಾಣುತ್ತಿದ್ದವು. ಮೈಮೇಲೆ ಮುದ್ದಯ್ಯ ಬೇವಿನ ಬರಲಿನಿಂದ ಹೊಡೆದ ಗೀರುಗಳಿದ್ದವು.

"ಏನ್ ಸಾರ್ಲಾ ಅದು?" ಎಂದ.

"ಉಪ್ಸಾರು."

"ವಾಸ್ನೆ ಬತ್ತಾ ಅದೆ ಕಣ್ಲಾ," ಎಂದ. "ಊರ್ಗೆ ಬಂದ್ಮೇಲೆ ಅಸಿವು ಆಯ್ತದೆ."

ನಾನು ದನಿ ತಗ್ಗಿಸಿದೆ. "ಏಳ್ಬುಡ್ತೀನಿ ಚಲುವಾ. ತಿಂದೋನು ನಾನೇ ಅಂತ ನಿಮ್ಮವ್ವಂಗೆ ಈಗ್ಲೇ ಏಳ್ಬುಡ್ತೀನಿ."

ಅವನು ಕೈ ಎತ್ತಿದ. ಎತ್ತಲು ಹೊತ್ತು ಹಿಡಿಯಿತು. "ಬ್ಯಾಡ ಕಣ್ಲಾ. ದೆವ್ವ ತಿಂತು ಅಂದ್ರೆ ತಡ್ಕತಾಳೆ. ಅವ್ಳ್ ಕಳಿಸಿದ್ನ ನಾನೇ ಮುಟ್ನಿಲ್ಲ ಅಂದ್ರೆ ತಡ್ಕಳಾಕಿಲ್ಲ. ಒಂಬತ್ ಸೋಮಾರ ತಾನೆ, ಕಳೀತದೆ."

ಸತ್ಯ ಹೇಳಬೇಡ ಎಂದು ಅವನೇ ಹೇಳಿದ, ಹೌದು. ಆದರೆ ಆ ಮಾತು ಕಿವಿಗೆ ಬಿದ್ದಾಗ ನನ್ನ ಮೈಯ ಭಾರ ಇಳಿದದ್ದೂ ಹೌದು. ಎಲೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಅದನ್ನು ಅವನ ಬಾಯಿಗೆ ಹಾಕಬಹುದಾಗಿತ್ತು, ನಾಲ್ಕು ಹೆಜ್ಜೆ ಅಷ್ಟೆ. ದೇವಿರಮ್ಮ ನೀರಿನ ಚೊಂಬು ಹಿಡಿದು ಬಂದಳು. ನಾನು ಎಲೆಯ ಮುಂದೆ ಕುಳಿತು ಮುದ್ದೆ ಮುಗಿಸಿದೆ. ಎಲೆಯನ್ನು ನಾನೇ ಎತ್ತಿ ತಿಪ್ಪೆಗೆ ಹಾಕಿದೆ. ಬಸ್ಸು ಹತ್ತಿದೆ.

ಒಂಬತ್ತು ಸೋಮವಾರ ತುಂಬಿದವು. ಹುಡುಗ ಸುಧಾರಿಸಲಿಲ್ಲ ಎಂದು ಮುದ್ದಯ್ಯ ಇನ್ನೊಂಬತ್ತು ಹೇಳಿದ. ಅಷ್ಟು ಬೇಕಾಗಲಿಲ್ಲ. ಆಷಾಢದಲ್ಲಿ ಒಂದು ಬೆಳಿಗ್ಗೆ ಚಲುವ ಹೋದ. ಹೊಲದ ಬದುವಿನಲ್ಲಿ ಹೂತರು. ಅದಕ್ಕೆ ಹದಿನೈದು ದಿನ ಮೊದಲು ನನ್ನ ಫಲಿತಾಂಶ ಬಂದಿತ್ತು, ಸೆಕೆಂಡ್ ಕ್ಲಾಸು. ಮಂಡ್ಯದಲ್ಲೇ ಒಂದು ತಾತ್ಕಾಲಿಕ ಗುಮಾಸ್ತೆ ಕೆಲಸ ಸಿಕ್ಕಿ, ನಾನು ಅದೇ ಕೋಣೆಯಲ್ಲಿದ್ದೆ. ಮಣ್ಣಿಗೆ ಹೋಗಲಿಲ್ಲ.

ತಿಥಿಯಾದ ಮೂರನೆಯ ದಿನ, ಭಾನುವಾರ, ಚಿಕ್ಕಪ್ಪ ಕೋಣೆಗೆ ಬಂದು ಹಿತ್ತಾಳೆ ಕ್ಯಾರಿಯರ್ ನನ್ನ ಮುಂದಿಟ್ಟ.

"ಆ ಯಮ್ಮ ಕಳಿಸವ್ಳೆ. ಬೆಳಗಾಗೆದ್ರೆ ಕೈ ಸುಮ್ನಿರಾಕಿಲ್ವಂತೆ. ನನ್ ಮಗನ ಜತೆಗಿದ್ದೋನು, ಅವನಾರೂ ಉಣ್ಲಿ ಅಂದ್ಳು."

ಜಗಲಿಯ ಮೇಲೆ ಎಲೆ ಹಾಕಿದ್ದವಳು ಈಗ ತನ್ನ ಮಗನ ಡಬ್ಬಿಯನ್ನೇ ಸಾಬರ ಹುಡುಗನಿಗೆ ಕಳಿಸಿದ್ದಳು. ಮೂರು ಮುದ್ದೆಯಿತ್ತು. ನಾನು ಅಳುತ್ತಾ ಉಂಡೆ, ಆದರೆ ಉಂಡೆ. ತೊಳೆದೆ, ಒರೆಸಿದೆ. ಬರಿದೇ ಕಳಿಸಬಾರದಲ್ಲ. ಕೈಗೆ ಅಭ್ಯಾಸವಾಗಿಹೋಗಿತ್ತು. ನೋಟ್ಸಿನ ಒಂದು ಹಾಳೆ ಹರಿದು, ಬೆಲ್ಲದ ಚೂರು ಸುತ್ತಿ, ಒಳಗಿಟ್ಟು, ಮಧ್ಯಾಹ್ನದ ಬಸ್ಸಿಗೆ ಕೊಟ್ಟೆ. ಬಸ್ಸು ಹೋದಮೇಲೂ ನಾನೇನು ಮಾಡಿದೆ ಎಂದು ನನಗೆ ಹೊಳೆಯಲಿಲ್ಲ.

ಮಾರನೆಯ ದಿನ ಕ್ಯಾರಿಯರ್ ಮತ್ತೆ ಬಂತು. ಸಂಜೆ ಕೆಲಸದಿಂದ ಬಂದಾಗ ಚಿಕ್ಕಪ್ಪ ಬಸ್ಸು ಕೆಟ್ಟು ಮಂಡ್ಯದಲ್ಲೇ ಉಳಿದುಕೊಂಡಿದ್ದ, ಕೋಣೆಯ ಬಾಗಿಲಲ್ಲಿ ಕುಳಿತಿದ್ದ.

"ಏನೂ ಏಳಿ ಕಳಿಸ್ನಿಲ್ಲ ಕಣ್ಲಾ," ಎಂದ. "ಬೆಳಿಗ್ಗೆ ಬಸ್ಸಿಗೂ ಬರ್ನಿಲ್ಲ, ನಾನೇ ಮನೆತಾವ್ಕೆ ಓದೆ. ಅಡಿಗೆ ಮನೇಲಿ ಆ ಬೆಲ್ಲದ ಮಡಕೆ ಮಗುಚ್ಕಂಡ್ ಕುಂತಿದ್ಳು. ಎಲೇಲಿ ಕಟ್ಟಿದ್ದು ಒಂದ್ ಕಡೆ, ಕಾಗ್ದದಲ್ಲಿ ಕಟ್ಟಿದ್ದು ಒಂದ್ ಕಡೆ ಆಯ್ತಾ ಇದ್ಳು. ಯಾಕವ್ವಾ ಅಂದ್ರೆ ಕ್ಯಾರಿಯರ್ ನನ್ ಕಡೀಕ್ ತಳ್ಬುಟ್ಳು."

ಕ್ಯಾರಿಯರ್ ಭಾರವಾಗಿತ್ತು. ಮೇಲಿನ ಡಬ್ಬಿ ತೆರೆದೆ, ಆಮೇಲೆ ನಡುವಿನದು, ಆಮೇಲೆ ಕೆಳಗಿನದು. ಹಿಟ್ಟಿರಲಿಲ್ಲ, ಸಾರಿರಲಿಲ್ಲ. ಮೂರರಲ್ಲೂ ಒತ್ತೊತ್ತಾಗಿ ಬೆಲ್ಲದ ಚೂರುಗಳು, ಕಾಗದ ಸಮೇತ. ಬೆಲ್ಲ ಕರಗಿ ಕಾಗದ ಅಂಟಿತ್ತು, ಇರುವೆ ಹತ್ತಿತ್ತು, ಅಲ್ಲಲ್ಲಿ ನನ್ನ ಅಕ್ಷರ ಕಾಣುತ್ತಿತ್ತು. ಎಲೆಯಲ್ಲಿ ಕಟ್ಟಿದ್ದು ಒಂದೂ ಇರಲಿಲ್ಲ, ಅವನ್ನು ಅವಳು ಇಟ್ಟುಕೊಂಡಿದ್ದಳು.

ಮರುವರ್ಷ ಜಲಪಾತದ ಹತ್ತಿರದ ಬ್ಲಫ್ ಎಂಬ ಊರಿನ ಕರೆಂಟು ಆಫೀಸಿನಲ್ಲಿ ಕೆಲಸ ಕಾಯಂ ಆಯಿತು. ಮದುವೆ, ಮಕ್ಕಳು, ಪೆನ್ಶನ್ ಎಲ್ಲ ಆಯಿತು. ಪೂರಿಗಾಲಿ ಬ್ಲಫಿಗೆ ದೂರವೇನಲ್ಲ, ನಾನು ಹೋಗಲಿಲ್ಲ. ಆ ಬೆಲ್ಲವನ್ನು ಆವತ್ತೇ ಹಿತ್ತಲ ಹೊಂಗೆಮರದ ಬುಡಕ್ಕೆ ಸುರಿದು, ಕ್ಯಾರಿಯರ್ ತೊಳೆದು ಇಟ್ಟಿದ್ದೆ. ಹಿಂದಿರುಗಿಸಬೇಕಾಗಿತ್ತು. ಬರಿದೇ ಕಳಿಸುವ ಹಾಗಿರಲಿಲ್ಲ, ಏನು ಹಾಕಿ ಕಳಿಸಬೇಕೆಂದು ತಿಳಿಯಲಿಲ್ಲ. ಅದು ಇನ್ನೂ ನನ್ನ ಮನೆಯಲ್ಲೇ ಇದೆ.